ಕಾದಂಬರಿಯ ಪಾಕ: ಮುಗಿದ ಹಸ್ತಪ್ರತಿ ಅಚ್ಚಿಗೆ ಸಿದ್ಧವಾಗುವುದು ಯಾವಾಗ?

ಕಾದಂಬರಿಯೊಂದು ಬರೆದು ಮುಗಿಯುವುದು ಬೇರೆ, ಅದು ಅಚ್ಚಿಗೆ ಸಿದ್ಧವಾಗುವುದು ಬೇರೆ. ಮೊದಲನೆಯದು ಲೇಖಕನಿಗೆ ತನ್ನೊಳಗೇ ತಿಳಿದುಬರುತ್ತದೆ. ಹೇಳಬೇಕಾದುದನ್ನು ಹೇಳಿದ್ದಾಯಿತು, ಪಾತ್ರಗಳು ತಮ್ಮ ತಮ್ಮ ನೆಲೆಗಳನ್ನು ಸೇರಿದವು ಎಂಬ ಅರಿವಿನೊಡನೆ ಲೇಖನಿಯನ್ನು ಕೆಳಗಿಡುವ ಗಳಿಗೆ ಅದು. ಎರಡನೆಯದು ಹಾಗೆ ತಾನಾಗಿ ತಿಳಿಯುವಂಥದಲ್ಲ. ಮುಗಿದ ಹಸ್ತಪ್ರತಿಗೂ ಅಚ್ಚಾದ ಪುಸ್ತಕಕ್ಕೂ ನಡುವೆ ಕೆಲವು ತಿಂಗಳುಗಳ, ಕೆಲವೊಮ್ಮೆ ಕೆಲವು ವರ್ಷಗಳ ಅವಧಿಯಿರುತ್ತದೆ. ಆ ಅವಧಿಯಲ್ಲಿ ನಡೆಯುವುದೇನು, ನಡೆಯಬೇಕಾದುದೇನು ಎಂಬುದನ್ನು ನಮ್ಮ ಕಾದಂಬರಿ ವಿಮರ್ಶೆ ಹೆಚ್ಚಾಗಿ ಕೇಳಿಕೊಂಡಿಲ್ಲ. ಅಚ್ಚಾದ ಪುಸ್ತಕ ಕೈಗೆ ಬಂದ ಮೇಲೆಯೇ ವಿಮರ್ಶಕನ ಕೆಲಸ ಆರಂಭವಾಗುತ್ತದೆ ಎಂದು ನಾವು ಒಪ್ಪಿಕೊಂಡುಬಿಟ್ಟಿದ್ದೇವೆ. ಹೊರನಾಡಿನಲ್ಲಿದ್ದು ಕನ್ನಡ ಕಾದಂಬರಿ ಬರೆಯುವವರ ಮಟ್ಟಿಗೆ ಈ ಪ್ರಶ್ನೆ ಇನ್ನೂ ತೊಡಕಿನದು. ಅದಕ್ಕೆ ಕಾರಣವನ್ನು ಮುಂದೆ ನೋಡೋಣ.

ನಮ್ಮ ಪ್ರಾಚೀನ ಮೀಮಾಂಸಕರು ಈ ಪ್ರಶ್ನೆಯನ್ನು ನೇರವಾಗಿಯೇ ಎದುರಿಸಿದ್ದರು. ಅವರು ಅದನ್ನು 'ಪಾಕ' ಎಂದು ಕರೆದರು. ಹಣ್ಣು ಮಾಗುವುದು, ಅಡುಗೆ ಹದಕ್ಕೆ ಬರುವುದು, ಎರಡೂ ಅರ್ಥಗಳು ಆ ಮಾತಿನಲ್ಲಿವೆ. ವಾಮನನ ದೃಷ್ಟಿಯಲ್ಲಿ, ಕವಿಯ ಮನಸ್ಸು ತೂಗಾಡುತ್ತಿರುವವರೆಗೆ ಪದಗಳನ್ನು ಇಡುವುದೂ ತೆಗೆಯುವುದೂ ನಡೆದೇ ಇರುತ್ತದೆ. ಯಾವ ಪದವನ್ನೂ ಇನ್ನೊಂದರಿಂದ ಬದಲಿಸಲಾಗದ ಸ್ಥಿತಿ ಬಂದಾಗ ಪಾಕ ಸಿದ್ಧಿಸಿತೆಂದು ತಿಳಿಯಬೇಕು. ರಾಜಶೇಖರನು ತನ್ನ 'ಕಾವ್ಯಮೀಮಾಂಸೆ'ಯಲ್ಲಿ ಈ ಮತವನ್ನು ಎತ್ತಿ ಹೇಳಿ, ಅದಕ್ಕೆ ತನ್ನ ಪತ್ನಿ ಅವಂತಿಸುಂದರಿಯ ಆಕ್ಷೇಪವನ್ನು ಕೊಡುತ್ತಾನೆ. ಅವಳ ಅಭಿಪ್ರಾಯದಲ್ಲಿ ಪದವನ್ನು ಬದಲಿಸಲಾಗದಿರುವುದು ಪಾಕವಲ್ಲ, ಅಶಕ್ತಿ. ಮಹಾಕವಿಗಳಲ್ಲಿ ಒಂದೇ ವಸ್ತುವಿಗೆ ಹಲವು ಪಾಠಗಳಿದ್ದು, ಎಲ್ಲವೂ ಪಕ್ವವಾಗಿರುವುದು ಸಾಧ್ಯ. ಆದ್ದರಿಂದ ಶಬ್ದ, ಅರ್ಥ, ಉಕ್ತಿಗಳು ರಸಕ್ಕೆ ಉಚಿತವಾಗಿ ಹೊಂದಿಕೊಂಡಿರುವುದೇ ಪಾಕ.

ಮುಕ್ತಕಕ್ಕೆ ವಾಮನನ ಮಾತು ಒಪ್ಪಬಹುದು. ನಾನೂರು ಪುಟಗಳ ಗದ್ಯಕ್ಕೆ ಅದನ್ನು ಅಳತೆಗೋಲಾಗಿ ಹಿಡಿದರೆ ಯಾವ ಕಾದಂಬರಿಯೂ ಎಂದಿಗೂ ಹೊರಬರಲಾರದು. ಕಾದಂಬರಿಯಲ್ಲಿ ಬದಲಿಸಬಹುದಾದ ಪದ ಪ್ರತಿ ಸಾಲಿನಲ್ಲಿಯೂ ಇರುತ್ತದೆ. ಇಲ್ಲಿ ನಮಗೆ ನೆರವಾಗುವವಳು ಅವಂತಿಸುಂದರಿ. ಅವಳ ಮಾತನ್ನು ಕಾದಂಬರಿಗೆ ಅನ್ವಯಿಸಿದರೆ ಪಾಕದ ಪ್ರಶ್ನೆ ಪದದಿಂದ ಬಂಧಕ್ಕೆ ಸರಿಯುತ್ತದೆ: ಯಾರ ಕಥೆ, ಯಾರ ಕಣ್ಣಿನಿಂದ, ಎಲ್ಲಿಂದ ಎಲ್ಲಿಗೆ, ಯಾವುದನ್ನು ಬಿಟ್ಟು. ಹಸ್ತಪ್ರತಿಯನ್ನು ಮತ್ತೆ ಮತ್ತೆ ತೆಗೆದು ವಿಶೇಷಣಗಳನ್ನು ಅತ್ತಿತ್ತ ಮಾಡುತ್ತಿರುವ ಲೇಖಕನು ಹಲವು ಸಲ ತಿದ್ದುತ್ತಿಲ್ಲ. ದೊಡ್ಡ ಲೋಪವೊಂದನ್ನು ನೋಡಲಾರದೆ ಸಣ್ಣದರಲ್ಲಿ ಕೈಯಾಡಿಸುತ್ತಿದ್ದಾನೆ ಎಂಬುದು ನನ್ನ ಅನುಭವ.

ಇದೇ ಸಂದರ್ಭದಲ್ಲಿ ರಾಜಶೇಖರನು ಪಾಕಗಳನ್ನು ಒಂಬತ್ತು ವಿಧವಾಗಿ ವಿಂಗಡಿಸುತ್ತಾನೆ. ಬೇವು, ಬೋರೆ, ದ್ರಾಕ್ಷೆ, ಬದನೆ, ಹುಣಿಸೆ, ಮಾವು, ಅಡಕೆ, ಸೌತೆ, ತೆಂಗು. ಮೊದಲಿಗೂ ಕೊನೆಗೂ ಹೇಗಿದೆ ಎಂಬುದರ ಮೇಲೆ ಈ ವಿಂಗಡಣೆ. ಬೇವು ಎರಡೂ ಕಡೆ ಅರುಚಿ. ತೆಂಗು ಎರಡೂ ಕಡೆ ರುಚಿ. ದ್ರಾಕ್ಷೆ ಮೊದಲು ಅರುಚಿ, ಕೊನೆಗೆ ರುಚಿ. ಅಡಕೆ ಮೊದಲು ರುಚಿ, ಕೊನೆಗೆ ಅರುಚಿ. ಬೇವು, ಬದನೆ, ಅಡಕೆಗಳು ತ್ಯಾಜ್ಯ, ಬೋರೆ, ಹುಣಿಸೆ, ಸೌತೆಗಳನ್ನು ಸಂಸ್ಕರಿಸಿ ಎತ್ತಿಕೊಳ್ಳಬಹುದು, ಉಳಿದವು ಗ್ರಾಹ್ಯ. ಅಡಕೆಯ ಸೀಮೆಯಿಂದ ಬಂದ ನಮ್ಮಂಥವರಿಗೆ ಈ ತೀರ್ಪು ಅಷ್ಟು ಹಿತವೆನಿಸದು. ಆದರೂ ಕನ್ನಡದಲ್ಲಿ ಮೊದಲ ನೂರು ಪುಟ ಸೊಗಸಾಗಿದ್ದು ಕೊನೆಯ ನೂರು ಪುಟಗಳಲ್ಲಿ ಒಗರಾಗುವ ಕಾದಂಬರಿಗಳನ್ನು ಓದಿದವರಿಗೆ ಕ್ರಮುಕಪಾಕವೆಂಬ ಹೆಸರು ಉಪಯುಕ್ತವೆನಿಸದಿರದು. ಆರಂಭವನ್ನು ಹತ್ತು ಸಲ ತಿದ್ದಿ, ಅಂತ್ಯವನ್ನು ಒಮ್ಮೆ ಮಾತ್ರ ಬರೆದುದರ ಫಲ ಇದು.

ಇನ್ನೂ ಪ್ರಯೋಜನಕರವಾದುದು ಕವಿಯ ದಿನಚರಿಯನ್ನು ಕುರಿತು ರಾಜಶೇಖರನು ಕೊಡುವ ಸೂಚನೆ. ರಸಾವೇಶದಲ್ಲಿ ಬರೆಯುವವನಿಗೆ ವಿವೇಚನೆಯ ದೃಷ್ಟಿ ಇರುವುದಿಲ್ಲವಾದ್ದರಿಂದ ಬರೆದುದನ್ನು ಅನಂತರ ಪರೀಕ್ಷಿಸಬೇಕು. ಆಗ ಮಾಡಬೇಕಾದ ಕೆಲಸ ನಾಲ್ಕು: ಹೆಚ್ಚಾದುದನ್ನು ತೆಗೆಯುವುದು, ಕಡಮೆಯಾದುದನ್ನು ತುಂಬುವುದು, ಸ್ಥಳ ತಪ್ಪಿದುದನ್ನು ಸರಿಪಡಿಸುವುದು, ಮರೆತುದನ್ನು ನೆನೆದುಕೊಳ್ಳುವುದು. ಮೊದಲ ಮೂರನ್ನು ಯಾವ ಶ್ರದ್ಧಾವಂತ ಲೇಖಕನೂ ಮಾಡಬಲ್ಲ. ಕಠಿಣವಾದುದು ನಾಲ್ಕನೆಯದು. ಮರೆತುದು ಮರೆತಿದೆ ಎಂದು ತಿಳಿಯುವ ಬಗೆ ಯಾವುದು?

ಬಂಗಾಳಿಯ 'ಪಥೇರ್ ಪಾಂಚಾಲಿ' ಇದಕ್ಕೆ ಒಳ್ಳೆಯ ನಿದರ್ಶನ. ವಿಭೂತಿಭೂಷಣ ಬಂದ್ಯೋಪಾಧ್ಯಾಯರು ಅದನ್ನು ಬರೆದುದು ಬಂಗಾಳದಲ್ಲಲ್ಲ. ಬಿಹಾರದ ಭಾಗಲ್ಪುರದಲ್ಲಿ, ಜಮೀನ್ದಾರಿಯೊಂದರ ನೌಕರಿಯಲ್ಲಿದ್ದಾಗ. ಅವರೂ ಆಗ ಹೊರನಾಡಿಗರೇ ಎಂಬುದನ್ನು ನಾವು ಗಮನಿಸಬೇಕು. ಮೊದಲ ಬರಹದಲ್ಲಿ ಅಪು ಇದ್ದ, ಊರಿತ್ತು, ತಂದೆತಾಯಿಗಳಿದ್ದರು. ಅಕ್ಕ ದುರ್ಗೆ ಇರಲಿಲ್ಲ. ಒಂದು ದಿನ ಕೆದರಿದ ಕೂದಲಿನ ಹಳ್ಳಿಯ ಹುಡುಗಿಯೊಬ್ಬಳನ್ನು ಅವರು ಕಂಡರು. ತಮ್ಮ ಕಾದಂಬರಿಯಲ್ಲಿ ಇಲ್ಲದಿರುವವಳು ಇವಳೇ ಎಂದು ಅವರಿಗೆ ಹೊಳೆಯಿತು. ಅವಳನ್ನು ಒಳಕ್ಕೆ ತರಲು ಕಾದಂಬರಿಯನ್ನು ಮತ್ತೆ ಬರೆದರು. ಅದು 'ವಿಚಿತ್ರಾ' ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದು 1929ರಲ್ಲಿ ಪುಸ್ತಕವಾಯಿತು. ಇಂದು ದುರ್ಗೆಯಿಲ್ಲದ ಆ ಕೃತಿಯನ್ನು ಯಾರೂ ಊಹಿಸಿಕೊಳ್ಳಲಾರರು. ಆದರೆ ಅವಳಿಲ್ಲದೆಯೂ ಅದು ಒಮ್ಮೆ 'ಮುಗಿದಿತ್ತು'. ದುರ್ಗೆಯಿಲ್ಲದ ಹಸ್ತಪ್ರತಿಯಲ್ಲಿ ಯಾವ ವಾಕ್ಯವೂ ತಪ್ಪಾಗಿದ್ದಿರಲಾರದು. ಪದಪದವನ್ನೂ ತಿದ್ದುವುದರಿಂದ ದುರ್ಗೆ ಬರುತ್ತಿರಲಿಲ್ಲ.

ವಿಭೂತಿಭೂಷಣರಿಗೆ ಹೊಳೆದಂತೆ ಎಲ್ಲರಿಗೂ ಹೊಳೆಯುವುದಿಲ್ಲ. ಕರ್ತೃವಿಗೆ ಕಾಣದುದು ಉದಾಸೀನನಿಗೆ, ಎಂದರೆ ಆ ಕೃತಿಯಲ್ಲಿ ಸ್ವಂತ ಹಿತವಿಲ್ಲದವನಿಗೆ, ಕಾಣುತ್ತದೆ ಎಂಬುದು ರಾಜಶೇಖರನ ತಿಳಿವಳಿಕೆ. ಫ್ರೆಂಚ್ ಕಾದಂಬರಿಕಾರ ಫ್ಲಾಬೇರನು 1849ರ ಸೆಪ್ಟೆಂಬರಿನಲ್ಲಿ 'ಸಂತ ಆಂಟನಿಯ ಪ್ರಲೋಭನೆ'ಯನ್ನು ಮುಗಿಸಿ ಬೂಯಿಯೆ, ದು ಕಾಂ ಎಂಬ ಇಬ್ಬರು ಗೆಳೆಯರನ್ನು ಮನೆಗೆ ಕರೆಯಿಸಿಕೊಂಡ. ನಾಲ್ಕು ದಿನ, ದಿನಕ್ಕೆ ಎಂಟು ಗಂಟೆ ಗಟ್ಟಿಯಾಗಿ ಓದಿದ. ಪೂರ್ತಿ ಮುಗಿಯುವವರೆಗೆ ಅಭಿಪ್ರಾಯ ಹೇಳಕೂಡದೆಂದು ನಿಯಮ. ಕೊನೆಯಲ್ಲಿ ಗೆಳೆಯರು ಕೊಟ್ಟ ತೀರ್ಪು, ಅದನ್ನು ಬೆಂಕಿಗೆ ಹಾಕಿ ಮತ್ತೆ ಅದರ ಮಾತೆತ್ತಬಾರದೆಂಬುದು. ಅವನಿಗೆ ಆದ ಆಘಾತ ಸಣ್ಣದಲ್ಲ. ಆದರೂ ಅವನು ಅಚ್ಚಿಗೆ ಕೊಡಲಿಲ್ಲ, ಸುಡಲೂ ಇಲ್ಲ. 1851ರಲ್ಲಿ 'ಮದಾಂ ಬೊವಾರಿ'ಯನ್ನು ಆರಂಭಿಸಿ ಐದು ವರ್ಷ ಬರೆದ. 'ಆಂಟನಿ'ಯನ್ನು ಎರಡು ಸಲ ಹೊಸದಾಗಿ ಬರೆದು 1874ರಲ್ಲಿ ಪ್ರಕಟಿಸಿದ. ಗೆಳೆಯರ ತೀರ್ಪು ನ್ಯಾಯವೋ ಅಲ್ಲವೋ ಎಂಬ ಚರ್ಚೆ ಇಲ್ಲಿ ಅನಗತ್ಯ. ನಿರಾಕರಿಸುವ ಅಧಿಕಾರವುಳ್ಳ ಓದುಗರ ಮುಂದೆ, ನಿರಾಕರಣೆಗೆ ಇನ್ನೂ ಅರ್ಥವಿರುವ ಹೊತ್ತಿನಲ್ಲಿ, ಅವನು ಅದನ್ನು ಇಟ್ಟ ಎಂಬುದು ಮುಖ್ಯ.

ಗೆಳೆಯರ ಸ್ಥಾನದಲ್ಲಿ ಪ್ರಕಾಶನದ ಸಂಪಾದಕರು ನಿಂತ ನಿದರ್ಶನ ಅಮೆರಿಕದ ಹಾರ್ಪರ್ ಲೀ ಅವರದು. 1957ರಲ್ಲಿ ಲಿಪಿನ್‌ಕಾಟ್ ಸಂಸ್ಥೆಗೆ ಅವರು ಕೊಟ್ಟ ಹಸ್ತಪ್ರತಿಯಲ್ಲಿ ದೊಡ್ಡವಳಾದ ಮಗಳು ಊರಿಗೆ ಮರಳಿ ತಂದೆಯನ್ನು ಹೊಸದಾಗಿ ಕಾಣುತ್ತಾಳೆ. ಟೇ ಹೊಹಾಫ್ ಎಂಬ ಸಂಪಾದಕಿ ಅದರಲ್ಲಿ ಪ್ರತಿಭೆಯನ್ನು ಕಂಡರು, ಸಿದ್ಧವಾದ ಕಾದಂಬರಿಯನ್ನು ಕಾಣಲಿಲ್ಲ. ಎರಡು ವರ್ಷಕ್ಕೂ ಮೀರಿದ ಪುನರ್ಲೇಖನದ ಬಳಿಕ ಅದೇ ಹುಡುಗಿಯ ಬಾಲ್ಯವೇ ಕಥೆಯಾಗಿ 1960ರಲ್ಲಿ 'ಟು ಕಿಲ್ ಎ ಮಾಕಿಂಗ್‌ಬರ್ಡ್' ಹೊರಬಂದಿತು. ಆ ಮೊದಲ ಹಸ್ತಪ್ರತಿ 2015ರಲ್ಲಿ 'ಗೋ ಸೆಟ್ ಎ ವಾಚ್‌ಮನ್' ಎಂಬ ಹೆಸರಿನಲ್ಲಿ ಅಚ್ಚಾದುದರಿಂದ ಎರಡನ್ನೂ ಮುಂದಿಟ್ಟುಕೊಂಡು ಹೋಲಿಸುವ ಅಪರೂಪದ ಅವಕಾಶ ವಿದ್ಯಾರ್ಥಿಗಳಿಗೆ ದೊರೆತಿದೆ. ಮುಗಿದುದಕ್ಕೂ ಸಿದ್ಧವಾದುದಕ್ಕೂ ಇರುವ ಅಂತರವನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಜೋಡಿ ಬೇರೆ ನನಗೆ ತಿಳಿಯದು.

ಪ್ರಕಾಶಕರ ನಿರಾಕರಣೆಯೇ ಕೊನೆಯ ಪ್ರಮಾಣವೆಂದು ಇದರಿಂದ ತಿಳಿಯಬಾರದು. ಮೈಸೂರಿನ ಆರ್. ಕೆ. ನಾರಾಯಣರ ಮೊದಲ ಕಾದಂಬರಿ ಇಂಗ್ಲೆಂಡಿನಲ್ಲಿ ಪ್ರಕಾಶಕರಿಂದ ಪ್ರಕಾಶಕರಿಗೆ ಅಲೆದು ಹಿಂದಿರುಗುತ್ತಿದ್ದಾಗ, ಅದಕ್ಕೊಂದು ಕಲ್ಲು ಕಟ್ಟಿ ಥೇಮ್ಸ್ ನದಿಗೆ ಎಸೆದುಬಿಡೆಂದು ಅವರು ಆಕ್ಸ್‌ಫರ್ಡಿನಲ್ಲಿದ್ದ ಗೆಳೆಯನಿಗೆ ಬರೆದಿದ್ದರು. ಗೆಳೆಯ ಎಸೆಯಲಿಲ್ಲ, ಗ್ರಹಾಂ ಗ್ರೀನರ ಕೈಗಿತ್ತ. 'ಸ್ವಾಮಿ ಅಂಡ್ ಫ್ರೆಂಡ್ಸ್' 1935ರಲ್ಲಿ ಪ್ರಕಟವಾಯಿತು. ಅಲ್ಲಿ ಹಸ್ತಪ್ರತಿ ಪಕ್ವವಾಗಿಯೇ ಇತ್ತು. ಅದನ್ನು ಗುರುತಿಸುವ ಓದುಗನೊಬ್ಬ ಬೇಕಾಗಿತ್ತು, ಅಷ್ಟೆ.

ಹಾಗಾದರೆ ಎಂಥ ಓದುಗ? ರಾಜಶೇಖರನು ಭಾವಕರನ್ನು ನಾಲ್ಕು ವಿಧವಾಗಿ ಹೇಳುತ್ತಾನೆ. ಯಾವುದೂ ರುಚಿಸದ ಅರೋಚಕಿ, ಹುಲ್ಲುಸಹಿತ ಎಲ್ಲವನ್ನೂ ನುಂಗುವ ಸತೃಣಾಭ್ಯವಹಾರಿ, ಗುಣವನ್ನು ಕಂಡೂ ಆಡದ ಮತ್ಸರಿ, ತತ್ತ್ವಾಭಿನಿವೇಶಿ. ಕೊನೆಯವನು ಸಾವಿರಕ್ಕೊಬ್ಬನಂತೆ. ನಮ್ಮ ಲೇಖಕರ ಸುತ್ತ ಇರುವವರು ಹೆಚ್ಚಾಗಿ ಎರಡನೆಯ ವರ್ಗದವರು: ಮನೆಯವರು, ಸಂಘದ ಸ್ನೇಹಿತರು, ಊರಿನ ಬಂಧುಗಳು. ಅವರ ಪ್ರೀತಿಯನ್ನು ಅಲ್ಲಗಳೆಯುವಂತಿಲ್ಲ. ಆದರೆ ಹಸ್ತಪ್ರತಿಯ ಪರೀಕ್ಷೆಗೆ ಅರೋಚಕಿಯೊಬ್ಬನು ಅವರಿಗಿಂತ ಮೇಲು. ಅವನ ಅರುಚಿಗೆ ಕಾರಣ ಕೇಳಿದರೆ ಏನಾದರೂ ದೊರೆಯುತ್ತದೆ.

ಕನ್ನಡದಲ್ಲಿ ಈ ಓದುಗನ ಸ್ಥಾನ ಎಂದೂ ಇರಲಿಲ್ಲವೆನ್ನಲಾಗದು. ಜಿ. ಬಿ. ಜೋಶಿಯವರು 1933ರಲ್ಲಿ ಆರಂಭಿಸಿದ ಧಾರವಾಡದ ಮನೋಹರ ಗ್ರಂಥಮಾಲೆಯ 'ಅಟ್ಟ' ಅಂಥದೊಂದು ಸ್ಥಳವಾಗಿತ್ತು. ಕೀರ್ತಿನಾಥ ಕುರ್ತಕೋಟಿಯಂಥ ವಿಮರ್ಶಕರು ಅಲ್ಲಿದ್ದರು; ಬರೆದವರು ಬಂದು ಕುಳಿತು ಮಾತಾಡುತ್ತಿದ್ದರು. ಮುಂಬಯಿಯಲ್ಲಿದ್ದ ಯಶವಂತ ಚಿತ್ತಾಲರ 'ಶಿಕಾರಿ' (1979) ಅಲ್ಲಿಂದಲೇ ಪ್ರಕಟವಾಯಿತು. ವಾರಪತ್ರಿಕೆಗಳ ಧಾರಾವಾಹಿಯೂ ಒಂದು ಬಗೆಯ ಪರೀಕ್ಷೆಯಾಗಿತ್ತು, ಆದರೆ ಅದರಲ್ಲಿ ವಾರದ ಗಡುವು ಲೇಖಕನನ್ನು ಅಟ್ಟುತ್ತಿದ್ದುದೂ ಅಷ್ಟೇ ನಿಜ. ಇವನ್ನು ಬಿಟ್ಟರೆ ನಮ್ಮಲ್ಲಿ ಪ್ರಕಾಶಕರು ಬಹುಮಟ್ಟಿಗೆ ಹಸ್ತಪ್ರತಿಯನ್ನು ಒಪ್ಪುತ್ತಾರೆ ಇಲ್ಲವೇ ಬಿಡುತ್ತಾರೆ; ಕಾಗುಣಿತ ತಿದ್ದುವವರು ದೊರೆಯುತ್ತಾರೆ, ಬಂಧ ನೋಡುವವರು ದೊರೆಯುವುದಿಲ್ಲ. ಆ ಬರಿದಾದ ಸ್ಥಾನವನ್ನು ಆಕ್ರಮಿಸಿರುವುದು ಮುನ್ನುಡಿ.

ಮುನ್ನುಡಿಕಾರನು ಕನ್ನಡ ಕಾದಂಬರಿಯ ಮೊದಲ ಹೊರಗಿನ ಓದುಗ. ಆದರೆ ಅವನ ಕೈಗೆ ಬರುವುದು ಹಸ್ತಪ್ರತಿಯಲ್ಲ, ಪುಟಸಂಖ್ಯೆ ಬಿದ್ದ ಕರಡಚ್ಚು. ಮುಖಪುಟ ಸಿದ್ಧವಾಗಿರುತ್ತದೆ, ಬಿಡುಗಡೆಗೆ ಸಭಾಂಗಣ ಗೊತ್ತಾಗಿರುತ್ತದೆ, ಅಧ್ಯಕ್ಷರು ಒಪ್ಪಿರುತ್ತಾರೆ. ಉಳಿದಿರುವುದು ಮೊದಲ ಎಂಟು ಪುಟ. ಆ ಹೊತ್ತಿನಲ್ಲಿ ಲೋಪವನ್ನು ಕಂಡವನು ಮಾಡಬಹುದಾದುದೇನು?

ಈ ಪ್ರಶ್ನೆಯನ್ನು ನಾನು ಬೇರೆಯವರ ಮೇಲೆ ಹೊರಿಸುತ್ತಿಲ್ಲ. ಮುಂಬಯಿಯ ಬ್ಯಾಂಕೊಂದರಿಂದ ನಿವೃತ್ತರಾದ ಹಿರಿಯರೊಬ್ಬರು ಹಲವು ವರ್ಷಗಳ ಹಿಂದೆ ತಮ್ಮ ಕಾದಂಬರಿಗೆ ಮುನ್ನುಡಿ ಕೇಳಿದರು. ಕರಾವಳಿಯ ಹಳ್ಳಿಯಿಂದ ಬಂದು ಇಲ್ಲಿಯ ಚಾಳಿನಲ್ಲಿ ಬೆಳೆದ ಹುಡುಗನ ಕಥೆ. ಊರಿನಲ್ಲಿ ಅವನಿಗೊಬ್ಬ ವಿಧವೆ ಅಕ್ಕ. ಮೊದಲ ನೂರು ಪುಟಗಳ ಜೀವವೇ ಅವಳು. ಹುಡುಗ ಊರು ಬಿಟ್ಟ ಮೇಲೆ ಅವಳು ಕಾದಂಬರಿಯಿಂದ ಇಲ್ಲವಾಗುತ್ತಾಳೆ. ಸಾಯುವುದಿಲ್ಲ, ಕಾಗದ ಬರೆಯುವುದಿಲ್ಲ; ತಮ್ಮನೂ ಅವಳನ್ನು ನೆನೆಯುವುದಿಲ್ಲ. ಲೇಖಕರು ಅವಳನ್ನು ಮರೆತಿದ್ದರು. ನಾನು ಅದನ್ನು ಕಂಡೆ. ಬಿಡುಗಡೆಗೆ ಮೂರು ವಾರ ಉಳಿದಿತ್ತು. ನಗರದ ಬದುಕಿನಲ್ಲಿ ಊರು ಮೌನಕ್ಕೆ ಸರಿಯುವುದನ್ನು ಲೇಖಕರು ಧ್ವನಿಪೂರ್ಣವಾಗಿ ಸೂಚಿಸಿದ್ದಾರೆ ಎಂದು ಬರೆದುಕೊಟ್ಟೆ. ಒಂದು ವರ್ಷದ ಮೇಲೆ ಊರಿನ ಓದುಗರೊಬ್ಬರು ಅಕ್ಕ ಏನಾದಳೆಂದು ಅವರಿಗೆ ಪತ್ರ ಬರೆದು ಕೇಳಿದರಂತೆ. ಆ ಪತ್ರವನ್ನು ಹಿಡಿದುಕೊಂಡು ಅವರು ವಿಭಾಗಕ್ಕೆ ಬಂದರು. "ನಿಮಗೆ ಆಗಲೇ ಗೊತ್ತಿತ್ತಲ್ಲವೇ, ಮಾಸ್ಟ್ರೇ?" ಎಂದರು. ಇಲ್ಲವೆನ್ನಲು ನನಗೆ ಬಾಯಿ ಬರಲಿಲ್ಲ.

ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು, ದೆಹಲಿಗಳಲ್ಲಿ ಬರೆಯುವವರಿಗೆ ಇಂಥ ಓದುಗನ ಅಭಾವ ಇಮ್ಮಡಿಯಾದುದು. ಮೂವತ್ತು ನಲವತ್ತು ವರ್ಷಗಳ ಹಿಂದೆ ಬಿಟ್ಟುಬಂದ ಊರಿನ ಮಾತು ಲೇಖಕನ ಕಿವಿಯಲ್ಲಿ ಅಂದಿನಂತೆಯೇ ನಿಂತಿರುತ್ತದೆ. ಊರಿನಲ್ಲಿ ಅದು ಬದಲಾಗಿರುತ್ತದೆ. ಕಥೆಯ ಕಾಲ ಹಳೆಯದಾದರೆ ಇದು ಸಂಪತ್ತು. ಇಂದಿನ ಕಥೆಯಾದರೆ ಇಪ್ಪತ್ತರ ತರುಣನ ಬಾಯಲ್ಲಿ ಅಜ್ಜನ ಮಾತು ಬರುತ್ತದೆ. ಇತ್ತ ಚಾಳು, ಖೋಲಿ, ಪಗಾರ ಮುಂತಾದ ಮಾತುಗಳು ಇಲ್ಲಿಯ ಕನ್ನಡಿಗನಿಗೆ ಸಹಜ. ಕೊಳ್ಳೇಗಾಲದ ಓದುಗನಿಗೆ ಅವು ಎಷ್ಟರಮಟ್ಟಿಗೆ ತೆರೆದುಕೊಳ್ಳುತ್ತವೆ ಎಂಬುದನ್ನು ಇಲ್ಲಿಯ ಲೇಖಕನು ತಾನೇ ಅಳೆಯಲಾರ. ಅಡಿಟಿಪ್ಪಣಿ ಕೊಡುವುದು ಪರಿಹಾರವಲ್ಲ. ಸನ್ನಿವೇಶವೇ ಅರ್ಥವನ್ನು ಕೊಡುವಂತಿದೆಯೇ ಎಂದು ನೋಡಬೇಕು. ಆದ್ದರಿಂದ ಹೊರನಾಡಿನ ಹಸ್ತಪ್ರತಿಗೆ ಕನಿಷ್ಠ ಇಬ್ಬರು ಓದುಗರು ಬೇಕು: ಕಥೆ ನಡೆಯುವ ಸ್ಥಳವನ್ನು ಬಲ್ಲವನೊಬ್ಬ, ಅದನ್ನು ಕಾಣದವನೊಬ್ಬ. ಮೊದಲನೆಯವನು ಸುಳ್ಳನ್ನು ಹಿಡಿಯುತ್ತಾನೆ, ಎರಡನೆಯವನು ಅಸ್ಪಷ್ಟತೆಯನ್ನು. ಒಬ್ಬನಲ್ಲಿಯೇ ಎರಡೂ ಗುಣ ದೊರೆಯುವುದಿಲ್ಲ. ಹೊಸ ಕೃತಿಯನ್ನು ಒಬ್ಬನ ಮುಂದೆ ಮಾತ್ರ ಓದಬಾರದೆಂದು ರಾಜಶೇಖರನೂ ಎಚ್ಚರಿಸಿದ್ದಾನೆ. ಅವನ ಕಾರಣ ಮಾತ್ರ ಬೇರೆ: ಕೇಳಿದವನು ಅದನ್ನು ತನ್ನದೇ ಎಂದುಬಿಟ್ಟರೆ ಸಾಕ್ಷಿ ಯಾರು!

ಇಷ್ಟೆಲ್ಲ ಕಾಯುವುದೇಕೆ, ಶಿವರಾಮ ಕಾರಂತರು ಎಷ್ಟೋ ಕಾದಂಬರಿಗಳನ್ನು ಹೇಳಿ ಬರೆಯಿಸಿ ಕೆಲವೇ ದಿನಗಳಲ್ಲಿ ಮುಗಿಸಲಿಲ್ಲವೇ ಎಂದು ಕೇಳುವವರುಂಟು. ಕೇಳಬೇಕಾದ ಮಾತೇ. ಕಾರಂತರಲ್ಲಿ ಪಾಕ ಬರವಣಿಗೆಗೆ ಮೊದಲೇ ಆಗಿರುತ್ತಿತ್ತು. ಜನರ ನಡುವೆ, ಅಲೆದಾಟದಲ್ಲಿ, ವರ್ಷಗಟ್ಟಲೆ ಕಂಡು ಕೇಳಿದುದು ಬಾಯಿಗೆ ಬರುವ ಹೊತ್ತಿಗೆ ಮಾಗಿರುತ್ತಿತ್ತು. ಕಾಗದದ ಮೇಲೆ ಯೋಚಿಸುವವರು ಆ ವೇಗವನ್ನಷ್ಟೇ ಅನುಕರಿಸಿದರೆ ಪ್ರಯೋಜನವಿಲ್ಲ. ಇದಕ್ಕೆ ವಿರುದ್ಧವಾದ ದೋಷವೂ ಇದೆ. ಹಣ್ಣು ಮಾಗಿದ ಮೇಲೂ ಮರದಲ್ಲೇ ಬಿಟ್ಟರೆ ಕೊಳೆಯುತ್ತದೆ. ಮೂರನೆಯ, ನಾಲ್ಕನೆಯ ಕರಡಿನಲ್ಲಿ ಮೊದಲಿನ ಬಿಸಿ ಆರಿ, ಭಾಷೆ ಗ್ರಾಂಥಿಕವಾಗಿ, ಮಾತುಕತೆ ಭಾಷಣವಾದ ಕಾದಂಬರಿಗಳನ್ನೂ ಕಂಡಿದ್ದೇನೆ. ಹಳೆಯ ಕರಡನ್ನು ಹರಿದು ಹಾಕಬಾರದೆಂಬುದು ಈ ಕಾರಣಕ್ಕಾಗಿ.

ಗುರುತುಗಳು ಯಾವುವೆಂದು ವಿದ್ಯಾರ್ಥಿಗಳು ಕೇಳುತ್ತಾರೆ. ಖಚಿತವಾದ ಲಕ್ಷಣಗ್ರಂಥವನ್ನು ಯಾರೂ ಬರೆಯಲಾರರು, ಕೆಲವನ್ನು ಹೇಳಬಹುದು. ಮುಗಿದ ಹಸ್ತಪ್ರತಿಯನ್ನು ಕೆಲವು ತಿಂಗಳು ಕಣ್ಣಿನಿಂದ ದೂರವಿಟ್ಟು, ಮತ್ತೆ ಒಂದೇ ಬೀಸಿನಲ್ಲಿ, ಕೈಯಲ್ಲಿ ಲೇಖನಿಯಿಲ್ಲದೆ ಓದಬೇಕು. ಲೇಖನಿ ಹಿಡಿದು ಓದುವವನು ವಾಕ್ಯವನ್ನು ನೋಡುತ್ತಾನೆ, ಕಾದಂಬರಿಯನ್ನು ನೋಡುವುದಿಲ್ಲ. ಸಂಭಾಷಣೆಯ ಭಾಗಗಳನ್ನು ಗಟ್ಟಿಯಾಗಿ ಓದಬೇಕು. ಹೊರಗಿನ ಇಬ್ಬರು ಓದುಗರು, ಒಬ್ಬರನ್ನೊಬ್ಬರು ಕಾಣದೆ, ಒಂದೇ ಜಾಗದಲ್ಲಿ ಎಡವಿದರೆ ಅಲ್ಲಿ ತಪ್ಪಿದೆ. ಅವರು ಸೂಚಿಸಿದ ಪರಿಹಾರಗಳು ಎರಡೂ ತಪ್ಪಾಗಿರಬಹುದು, ಜಾಗ ಮಾತ್ರ ಸರಿಯಾಗಿರುತ್ತದೆ. ಓದುಗನಿಗೆ 'ಹೇಗಿದೆ' ಎಂದು ಕೇಳಬಾರದು. 'ಎಲ್ಲಿ ಬಿಟ್ಟು ಎದ್ದಿರಿ, ಯಾರನ್ನು ಮರೆತಿರಿ, ಯಾರಿಗಾಗಿ ಕಾದಿರಿ' ಎಂದು ಕೇಳಬೇಕು. ನನ್ನ ಮಿತ್ರರ ಕಾದಂಬರಿಯಲ್ಲಿ ಈ ಕೊನೆಯ ಪ್ರಶ್ನೆಯೊಂದೇ ಸಾಕಾಗಿತ್ತು.

ಮೊಳೆ ಜೋಡಿಸುತ್ತಿದ್ದ ಕಾಲದಲ್ಲಿ ಅಚ್ಚಿನ ವೆಚ್ಚವೇ ಒಂದು ತಡೆಯಾಗಿತ್ತು. ಹದಿನಾರು ಪುಟಗಳ ಫಾರಂ ಅಚ್ಚಾಗಿ ಮೊಳೆ ಬಿಚ್ಚಿದ ಮೇಲೆ ತಿದ್ದಲಾಗದೆಂಬ ಭಯದಿಂದ ಲೇಖಕನು ಮೊದಲೇ ಎಚ್ಚರ ವಹಿಸುತ್ತಿದ್ದ. ಈಗ ಕಂಪ್ಯೂಟರಿನಲ್ಲಿ ಅಕ್ಷರ ಜೋಡಣೆಯಾಗುತ್ತದೆ, ನೂರು ಪ್ರತಿಗಳನ್ನಷ್ಟೇ ಮುದ್ರಿಸಲೂಬಹುದು. ಆ ತಡೆ ಹೋಗಿದೆ. ತಡೆ ಹೋದರೂ ಅವಸರ ಹೋಗಿಲ್ಲ. ಗ್ರಂಥಾಲಯಗಳ ಖರೀದಿ, ಅಕಾಡೆಮಿಗಳ ಬಹುಮಾನ ಎಲ್ಲವೂ ಪ್ರಕಟಣೆಯ ವರ್ಷವನ್ನು ನೋಡುವುದರಿಂದ ಡಿಸೆಂಬರಿನೊಳಗೆ ಹೊರಬರಲೇಬೇಕೆಂಬ ಒತ್ತಡವಿದೆ. ಜನವರಿಯಲ್ಲಿ ಬಂದ ಪುಸ್ತಕಕ್ಕೆ ಮುಂದಿನ ವರ್ಷದ ಸಾಲಿನಲ್ಲಿ ಸ್ಥಾನವಿದ್ದೇ ಇರುತ್ತದೆ ಎಂಬುದನ್ನು ಯಾರೂ ನೆನೆಯುವುದಿಲ್ಲ.

ಎರಡನೆಯ ಮುದ್ರಣದಲ್ಲಿ ತಿದ್ದಬಹುದಲ್ಲ ಎಂಬ ಸಮಾಧಾನವನ್ನೂ ಕೇಳಿದ್ದೇನೆ. ಟಾಲ್‌ಸ್ಟಾಯ್ ಹಾಗೆ ಮಾಡಿದ. 'ಯುದ್ಧ ಮತ್ತು ಶಾಂತಿ'ಯ 1873ರ ಆವೃತ್ತಿಯಲ್ಲಿ ಫ್ರೆಂಚ್ ಮಾತುಗಳನ್ನು ರಷ್ಯನ್ನಿಗೆ ತಿರುಗಿಸಿ, ಆರು ಸಂಪುಟಗಳನ್ನು ನಾಲ್ಕಾಗಿಸಿ, ತಾತ್ತ್ವಿಕ ಚರ್ಚೆಯ ಕೆಲವು ಭಾಗಗಳನ್ನು ಅನುಬಂಧಕ್ಕೆ ತಳ್ಳಿದ. ಆದರೆ ಹೊರನಾಡಿನಲ್ಲಿ ಸ್ವಂತ ಖರ್ಚಿನಿಂದ ಅಚ್ಚಾದ ಕನ್ನಡ ಕಾದಂಬರಿಗೆ ಎರಡನೆಯ ಮುದ್ರಣವೆಂಬುದು ತೀರ ವಿರಳ.

ಆ ಹಿರಿಯರು ವಿಭಾಗಕ್ಕೆ ಬಂದುಹೋದ ಮೇಲೆ ಅಕ್ಕನನ್ನು ಕುರಿತು ಮೂರು ಅಧ್ಯಾಯಗಳನ್ನು ಬರೆದರು. ಅವಳು ಮುಂಬಯಿಗೆ ಒಮ್ಮೆ ಬರುತ್ತಾಳೆ. ತಮ್ಮನ ಖೋಲಿಯಲ್ಲಿ ನಾಲ್ಕು ದಿನ ಇದ್ದು, ಬಂದ ಬಸ್ಸಿನಲ್ಲೇ ಹಿಂದಿರುಗುತ್ತಾಳೆ. ಇಡೀ ಕಾದಂಬರಿಯಲ್ಲಿ ಅಷ್ಟು ಒಳ್ಳೆಯ ಬರವಣಿಗೆ ಬೇರೆಲ್ಲಿಯೂ ಇಲ್ಲ. ಮೊದಲ ಮುದ್ರಣದ ಐನೂರು ಪ್ರತಿಗಳಲ್ಲಿ ಇನ್ನೂರಕ್ಕೂ ಹೆಚ್ಚು ಅವರ ಮನೆಯ ಮಂಚದ ಕೆಳಗಿದ್ದವು. ಅವರು ತೀರಿಕೊಂಡ ಮೇಲೆ ಅವರ ಮಗಳು ಆ ಮೂರು ಅಧ್ಯಾಯಗಳ ನೋಟುಪುಸ್ತಕವನ್ನು ನನಗೆ ತಂದುಕೊಟ್ಟರು. ಅದು ನನ್ನ ಬಳಿಯೇ ಇದೆ.